ತೊಗರಿ ಸೀಸನ್ ನಡುವೆ ಸರ್ವಿಸ್ ಮೆಶ್ ಹಾಕಬೇಕಾ?

ಪ್ರಶ್ನೆ: ಸರ್, ನಮ್ಮದು ಕಲಬುರಗಿಯ ಐದು ಜನರ ಸಣ್ಣ ತಂಡ. ಗಂಜ್‌ನ ಅಡತಿ ಅಂಗಡಿಗಳಿಗೂ ಕೆಲವು ದಾಲ್ ಮಿಲ್‌ಗಳಿಗೂ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇವೆ. ಲಾಟ್, ತೂಕ, ರೇಟು, ಬಿಲ್ಲು, ಪೇಮೆಂಟ್, ಎಸ್‌ಎಂಎಸ್ ಹೀಗೆ 11 ಮೈಕ್ರೋಸರ್ವಿಸ್ (ಒಂದೊಂದು ಕೆಲಸಕ್ಕೆ ಒಂದೊಂದು ಸಣ್ಣ ಪ್ರೋಗ್ರಾಂ), ಒಟ್ಟು 30 ಪಾಡ್ (ಅವುಗಳ ಓಡುತ್ತಿರುವ ಪ್ರತಿಗಳು). ಕುಬರ್ನೆಟೀಸ್‌ನಲ್ಲಿ 4 ಕೋರ್, 16 ಜಿಬಿಯ ಮೂರು ನೋಡ್, ಅಂದರೆ ಈ ಪಾಡ್ ಓಡುವ ಮೂರು ಮೆಷಿನ್ ಇವೆ. ತೊಗರಿ ಆವಕ ಶುರುವಾದ ಮೇಲೆ ಬೆಳಿಗ್ಗೆ 11ರಿಂದ ಎಲ್ಲಾ ನಿಧಾನ. ರೇಟ್ ಸರ್ವಿಸ್‌ನ ಮೂರು ಪಾಡ್‌ಗಳಲ್ಲಿ ಒಂದೇ ಒಂದು ಬೆವರುತ್ತದೆ, ಉಳಿದೆರಡು ಸುಮ್ನೆ ಕೂತಿರುತ್ತವೆ. ಕೆಲವು ರೈತರಿಗೆ ಒಂದೇ ಎಸ್‌ಎಂಎಸ್ ಎರಡೆರಡು ಸಲ ಹೋಗಿದೆ, ಒಮ್ಮೆ ಬಿಲ್ಲೇ ಎರಡು ಆಯಿತು. ಮೇಲಿಂದ ಒಬ್ಬ ದೊಡ್ಡ ಗ್ರಾಹಕರ ಆಡಿಟರ್, ಸರ್ವಿಸ್‌ಗಳ ನಡುವಿನ ಮಾತುಕತೆ ಎನ್‌ಕ್ರಿಪ್ಟ್ ಆಗಿರಬೇಕು ಅಂದಿದ್ದಾರೆ. ಬೆಂಗಳೂರಿನಲ್ಲಿರುವ ನಮ್ಮ ಸೀನಿಯರ್ "ಇಸ್ಟಿಯೊ ಅನ್ನುವ ಸರ್ವಿಸ್ ಮೆಶ್ ಹಾಕಿ, ನಾಲ್ಕೂ ಸರಿಯಾಗುತ್ತೆ" ಅಂತಾರೆ. ಹಾಕೋಣವಾ? ಒಂದು ದಿನದ ಲಾಗ್ ಜೊತೆಗೆ ಕಳಿಸಿದ್ದೇನೆ.

ಉತ್ತರ: ಈಗ ಬೇಡ್ರಿ. ಗಂಜ್‌ನಲ್ಲಿ ಟ್ರ್ಯಾಕ್ಟರ್ ತಿರುಗಿಸಲೂ ಜಾಗ ಇಲ್ಲದ ಈ ದಿನಗಳಲ್ಲಿ, ನಡೆಯುತ್ತಿರುವ 30 ಪಾಡ್‌ಗಳ ಮಧ್ಯೆ ಹೊಸದೊಂದು ಪದರ ತಂದು ಕೂರಿಸುವುದು ಹುಂಬತನ. ಯುಗಾದಿ ಕಳೆಯಲಿ, ಆಮೇಲೆ ನೋಡೋಣ. ಹಾಗಂತ ನಿಮ್ಮ ಸೀನಿಯರ್ ಹೇಳಿದ್ದು ಪೂರ್ತಿ ತಪ್ಪು ಅಂತಲೂ ಅಲ್ಲ. ನಿಮ್ಮ ನಾಲ್ಕು ತೊಂದರೆಗಳಲ್ಲಿ ಎರಡನ್ನು ಮೆಶ್ ನಿಜವಾಗಿಯೂ ಸರಿ ಮಾಡುತ್ತದೆ: ಒಂದೇ ಪಾಡ್ ಬೆವರುವುದು ಮತ್ತು ಎನ್‌ಕ್ರಿಪ್ಷನ್. ನಿಧಾನದ ವಿಷಯದಲ್ಲಿ ಅರ್ಧ ಸಹಾಯ. ಆದರೆ ಎರಡೆರಡು ಬಿಲ್ಲಿನ ವಿಷಯ ಇದೆಯಲ್ಲ, ಅದನ್ನು ಮೆಶ್ ಸರಿ ಮಾಡುವುದಿಲ್ಲ, ನೋಡದೆ ಹಾಕಿದರೆ ಇನ್ನೂ ಕೆಡಿಸುತ್ತದೆ. ನಾನು ಅದರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ದುಡ್ಡು ಹೋಗುವುದು ಅಲ್ಲಿ.

ಮೊದಲು ಮೆಶ್ ಅಂದರೆ ಏನು ಅಂತ ನಿಮ್ಮ ತಂಡದ ಹೊಸಬರಿಗೂ ತಿಳಿಯುವ ಹಾಗೆ ಹೇಳಿಬಿಡುತ್ತೇನೆ. ಗಂಜ್‌ನ ಪ್ರತಿ ಅಂಗಡಿಗೂ ಒಬ್ಬ ಗುಮಾಸ್ತ ಇದ್ದಾನೆ ಅಂದುಕೊಳ್ಳಿ. ಮಾಲೀಕರು "ಈ ಚೀಟಿ ರೇಟ್ ಅಂಗಡಿಗೆ ಕೊಟ್ಟು ಉತ್ತರ ತಗೊಂಡು ಬಾ" ಅಂತಾರೆ, ಅಷ್ಟೇ. ಯಾವ ಓಣಿ, ಆ ಅಂಗಡಿಯ ಮೂರು ಕೌಂಟರ್‌ಗಳಲ್ಲಿ ಯಾವುದು ಖಾಲಿ, ಅಲ್ಲಿ ಕೂತವನು ನಿಜವಾಗಿಯೂ ಆ ಅಂಗಡಿಯವನೇನಾ, ಶಟರ್ ಮುಚ್ಚಿದ್ದರೆ ಮತ್ತೊಮ್ಮೆ ಹೋಗಬೇಕಾ, ಎಷ್ಟು ಹೊತ್ತು ಕಾಯಬೇಕು, ಇದೆಲ್ಲಾ ಗುಮಾಸ್ತನ ತಲೆನೋವು. ಹೋಗಿ ಬಂದದ್ದನ್ನೆಲ್ಲಾ ಟೈಮ್ ಸಮೇತ ವಹಿಯಲ್ಲಿ ಬರೆದೂ ಇಡುತ್ತಾನೆ. ಈ ಗುಮಾಸ್ತನೇ ಸೈಡ್‌ಕಾರ್ ಪ್ರಾಕ್ಸಿ. ಪ್ರತಿ ಪಾಡ್‌ನಲ್ಲೂ ನಿಮ್ಮ ಪ್ರೋಗ್ರಾಂ ಇರುವ ಕಂಟೈನರ್ ಪಕ್ಕದಲ್ಲಿ ಇನ್ನೊಂದು ಕಂಟೈನರ್ ಆಗಿ ಕೂರುತ್ತದೆ, ಪಾಡ್‌ನಿಂದ ಹೊರಗೆ ಹೋಗುವ, ಒಳಗೆ ಬರುವ ಟ್ರಾಫಿಕ್ ಎಲ್ಲಾ ಅದನ್ನು ದಾಟಿಯೇ ಹೋಗಬೇಕು. ಇಸ್ಟಿಯೊದಲ್ಲಿ ಹೊರಗೆ ಹೋಗುವುದು 15001 ಪೋರ್ಟಿಗೆ, ಒಳಗೆ ಬರುವುದು 15006ಕ್ಕೆ ತಿರುಗುತ್ತದೆ. ನಿಮ್ಮ ಜಾವಾ ಕೋಡ್‌ಗೆ ಇದು ಗೊತ್ತೇ ಆಗುವುದಿಲ್ಲ.

ಎಲ್ಲಾ ಗುಮಾಸ್ತರಿಗೂ ಸುದ್ದಿ ಮುಟ್ಟಿಸುವ ಹಿರಿಯ ಒಬ್ಬ ಇರುತ್ತಾನೆ, ಅದು ಕಂಟ್ರೋಲ್ ಪ್ಲೇನ್. ಇಸ್ಟಿಯೊದಲ್ಲಿ ಅದರ ಹೆಸರು ಇಸ್ಟಿಯೊಡಿ. ಯಾವ ಅಂಗಡಿ ಎಲ್ಲಿದೆ, ಹೊಸ ನಿಯಮ ಏನು ಅಂತ ಹೇಳುವುದೂ, ಪ್ರತಿ ಗುಮಾಸ್ತನಿಗೆ ಗುರುತಿನ ಚೀಟಿ ಕೊಡುವುದೂ ಅವನೇ. ಅವನು ಒಂದು ಗಂಟೆ ಮಲಗಿದರೂ ವ್ಯಾಪಾರ ನಿಲ್ಲುವುದಿಲ್ಲ, ಗುಮಾಸ್ತರು ಹಳೇ ಮಾಹಿತಿಯಲ್ಲೇ ಓಡಾಡುತ್ತಾರೆ. ಹೊಸ ಪಾಡ್ ಬಂದರೆ ಮಾತ್ರ ಕಷ್ಟ. ಮತ್ತೆ ಆ ಗುರುತಿನ ಚೀಟಿ, ಅಂದರೆ ಸರ್ಟಿಫಿಕೇಟ್, ಇಸ್ಟಿಯೊದಲ್ಲಿ ನೀವೇನೂ ಬದಲಿಸದಿದ್ದರೆ 24 ಗಂಟೆಯದ್ದು. ಹಿರಿಯ ಎರಡು ದಿನ ಮಲಗಿದರೆ ಗಂಜ್ ಬಂದ್.

ಈ ಐಡಿಯಾ ಬಂದದ್ದು ದೊಡ್ಡವರ ಮನೆಯಿಂದ. 2016ರಲ್ಲಿ ಬಯಂಟ್ ಕಂಪನಿಯ ಲಿಂಕರ್‌ಡಿ ಅನ್ನುವ ಮೆಶ್ ಬಂತು, ಅದೇ ವರ್ಷ ಟ್ಯಾಕ್ಸಿ ಕಂಪನಿ ಲಿಫ್ಟ್ ತನ್ನ ಎನ್ವಾಯ್ ಪ್ರಾಕ್ಸಿಯನ್ನು ಓಪನ್ ಸೋರ್ಸ್ ಮಾಡಿತು. 2017ರಲ್ಲಿ ಗೂಗಲ್, ಐಬಿಎಂ, ಲಿಫ್ಟ್ ಸೇರಿ ಎನ್ವಾಯ್ ಮೇಲೆ ಇಸ್ಟಿಯೊ ಕಟ್ಟಿದರು. ಬೇರೆ ಬೇರೆ ಭಾಷೆಯಲ್ಲಿ ಬರೆದ ರಾಶಿ ಸರ್ವಿಸ್, ಒಬ್ಬರಿಗೊಬ್ಬರು ಮುಖ ನೋಡದ ಹತ್ತಾರು ತಂಡ, ಪ್ರತಿಯೊಬ್ಬರಿಗೂ ಟೈಮ್‌ಔಟ್ (ಎಷ್ಟು ಹೊತ್ತು ಕಾಯಬೇಕು ಅನ್ನುವ ಮಿತಿ) ಬರೆಯಲು ಕಲಿಸುವುದು ಆಗದ ಮಾತು ಅನ್ನುವ ಜಾಗದಲ್ಲಿ ಹುಟ್ಟಿದ ಔಷಧ ಇದು. ನಿಮ್ಮಲ್ಲಿ ಐದು ಜನ ಒಂದೇ ಕೋಣೆಯಲ್ಲಿ ಕೂರುತ್ತೀರಿ. ಮಧ್ಯಾಹ್ನ ರೊಟ್ಟಿ ಡಬ್ಬಿ ಬಿಚ್ಚುವಾಗ ತೀರ್ಮಾನ ಮಾಡಿ ಸಂಜೆಯೊಳಗೆ ಕೋಡ್ ಬದಲಿಸಬಹುದು. ಇದು ನಿಮಗಿರುವ ಅನುಕೂಲ, ಕಡಿಮೆ ಅಂದುಕೊಳ್ಳಬೇಡಿ.

ಈಗ ಎರಡು ಎಸ್‌ಎಂಎಸ್ ಕಥೆ. ನಿಮ್ಮ ಲಾಗ್‌ನಲ್ಲಿ 11:42ರ ಹತ್ತಿರ ಒಂದು ಜಾಗ ಇದೆ, ತೆಗೆದು ನೋಡಿ. ಬಿಲ್ ಸರ್ವಿಸ್ 11:42:07ಕ್ಕೆ ಎಸ್‌ಎಂಎಸ್ ಸರ್ವಿಸ್‌ಗೆ ರಿಕ್ವೆಸ್ಟ್ ಕಳಿಸಿದೆ. 11:42:09ಕ್ಕೆ "ಟೈಮ್‌ಔಟ್, ಮತ್ತೆ ಪ್ರಯತ್ನ" ಅಂತ ಬರೆದುಕೊಂಡು ಇನ್ನೊಮ್ಮೆ ಕಳಿಸಿದೆ. ಎಸ್‌ಎಂಎಸ್ ಸರ್ವಿಸ್‌ನ ಲಾಗ್‌ನಲ್ಲಿ ಏನಿದೆ? 11:42:10ಕ್ಕೆ ಮೊದಲನೆಯದು ಯಶಸ್ವಿ, 11:42:11ಕ್ಕೆ ಎರಡನೆಯದೂ ಯಶಸ್ವಿ. ಅಂದರೆ ಮೊದಲ ರಿಕ್ವೆಸ್ಟ್ ಸತ್ತಿರಲಿಲ್ಲ. ಅದು ಕೆಲಸ ಮುಗಿಸಿತ್ತು, ಉತ್ತರ ಮಾತ್ರ ಒಂದು ಸೆಕೆಂಡ್ ತಡವಾಯಿತು. ಬಿಲ್ ಸರ್ವಿಸ್ ಎರಡೇ ಸೆಕೆಂಡ್ ಕಾದು, ಆಗಿಲ್ಲ ಅಂದುಕೊಂಡು ಮತ್ತೆ ಕೇಳಿತು. ಟೈಮ್‌ಔಟ್ ಆಯಿತು ಅಂದರೆ ಕೆಲಸ ಆಗಲಿಲ್ಲ ಅಂತ ಅರ್ಥ ಅಲ್ಲ. ಆಯಿತೋ ಇಲ್ಲವೋ ಗೊತ್ತಿಲ್ಲ ಅಂತ ಅರ್ಥ. ಈ ಎರಡರ ನಡುವೆ ಇರುವ ವ್ಯತ್ಯಾಸದಲ್ಲೇ ನಿಮ್ಮ ರೈತರಿಗೆ ಎರಡು ಎಸ್‌ಎಂಎಸ್ ಹೋಗಿದ್ದು.

ಎರಡು ಬಿಲ್ಲಾಗಿದ್ದು ಇದಕ್ಕಿಂತ ಮಜವಾಗಿದೆ. ಅಲ್ಲಿ ರಿಟ್ರೈ, ಅಂದರೆ ಮತ್ತೆ ಪ್ರಯತ್ನಿಸುವ, ಕೋಡೇ ಇಲ್ಲ. ಎರಡು ಸೇವ್ ರಿಕ್ವೆಸ್ಟ್, ನಡುವೆ 6 ಸೆಕೆಂಡ್, ಎರಡೂ ಒಂದೇ ಬ್ರೌಸರ್‌ನಿಂದ. ಏನಾಗಿದೆ ಅಂತ ನೀವೇ ಊಹಿಸಬಹುದು. ಕೌಂಟರ್‌ನಲ್ಲಿ ಕೂತ ಹುಡುಗ ಸೇವ್ ಒತ್ತಿದ್ದಾನೆ, ಸ್ಕ್ರೀನ್ ಗಿರಗಿರ ತಿರುಗಿದೆ, ಎದುರಿಗೆ ರೈತ ನಿಂತಿದ್ದಾನೆ, ಹಿಂದೆ ಸಾಲಿದೆ, ಹುಡುಗ ಮತ್ತೊಮ್ಮೆ ಒತ್ತಿದ್ದಾನೆ. ಅವನೂ ಒಂದು ರಿಟ್ರೈ ಪಾಲಿಸಿನೇ! ಅವನನ್ನು ಯಾವ ಮೆಶ್ ತಡೆಯುತ್ತದೆ ಹೇಳಿ.

ಗುಮಾಸ್ತನ ಮಿತಿ ಇದೇ. ಅವನಿಗೆ ಚೀಟಿ ಒಯ್ಯುವುದು ಗೊತ್ತು, ಚೀಟಿಯಲ್ಲಿ ಏನಿದೆ ಅನ್ನುವುದು ಗೊತ್ತಿಲ್ಲ. "ಇವತ್ತಿನ ತೊಗರಿ ರೇಟ್ ಎಷ್ಟು" ಅನ್ನುವ ಚೀಟಿಯನ್ನು ಹತ್ತು ಸಲ ಒಯ್ದರೂ ನಷ್ಟ ಇಲ್ಲ. "ಈ ರೈತರಿಗೆ ದುಡ್ಡು ಹಾಕಿ" ಅನ್ನುವ ಚೀಟಿಯನ್ನು ಎರಡು ಸಲ ಒಯ್ದರೆ ಮಾಲೀಕರ ಮುಖ ಹೇಗಿರುತ್ತೆ! ಯಾವುದು ಯಾವ ಥರದ ಚೀಟಿ ಅಂತ ಗೊತ್ತಿರುವುದು ಕೋಡ್ ಬರೆದ ನಿಮಗೆ ಮಾತ್ರ.

ಮೆಶ್ ಇದನ್ನು ಹೇಗೆ ಕೆಡಿಸುತ್ತದೆ ಅಂತ ಲೆಕ್ಕ ಹಾಕೋಣ. ನಿಮ್ಮ ಕೋಡ್‌ನಲ್ಲಿ ಈಗಾಗಲೇ ಮೂರು ಪ್ರಯತ್ನ ಇದೆ. ಇಸ್ಟಿಯೊ ನೀವು ಏನೂ ಬರೆಯದಿದ್ದರೂ ಎಚ್‌ಟಿಟಿಪಿ ರಿಕ್ವೆಸ್ಟ್‌ಗೆ ತಾನಾಗಿಯೇ ಎರಡು ರಿಟ್ರೈ ಇಟ್ಟುಕೊಂಡಿರುತ್ತದೆ. ಮೊದಲನೆಯದು ಸೇರಿ ಮೂರು. ಎಲ್ಲಾ ಎರರ್‌ಗೂ ಅಲ್ಲ, ಕನೆಕ್ಷನ್ ಸಿಗದೇ ಇರುವಂಥ ಕೆಲವಕ್ಕೆ ಮಾತ್ರ. ಆದರೆ ಅಂಥ ಎರರ್ ಬಂದ ದಿನ ನಿಮ್ಮ ಮೂರು, ಅದರ ಮೂರು, ಒಂದೇ ಹಂತದಲ್ಲಿ 9 ಸಲ. ಇಂಥ ರಿಟ್ರೈ ಇರುವ ಎರಡು ಹಂತ ಒಂದರ ಹಿಂದೊಂದು ಬಂದರೆ 81. ಒಂದು ಕ್ಲಿಕ್‌ಗೆ 81 ಹೊಡೆತ, ಅದೂ ಮೊದಲೇ ಏದುಸಿರು ಬಿಡುತ್ತಿರುವ ಸರ್ವಿಸ್‌ಗೆ. ಬಿದ್ದವನನ್ನು ಎಬ್ಬಿಸುವುದಕ್ಕೆ ಬಂದ ಜನ ಅವನ ಮೇಲೇ ಬಿದ್ದ ಹಾಗೆ. ಲಿಂಕರ್‌ಡಿಯವರು ಇದಕ್ಕೆ ರಿಟ್ರೈ ಬಜೆಟ್ ಅಂತ ಚೆನ್ನಾಗಿರುವ ಒಂದು ದಾರಿ ಮಾಡಿದ್ದರು. ಇಷ್ಟು ಸಲ ಅಂತ ಎಣಿಸುವ ಬದಲು, ಮಾಮೂಲಿ ಟ್ರಾಫಿಕ್‌ನ ಇಷ್ಟು ಭಾಗಕ್ಕಿಂತ, ಉದಾಹರಣೆಗೆ ಶೇ 20ಕ್ಕಿಂತ, ರಿಟ್ರೈ ಜಾಸ್ತಿ ಆಗಬಾರದು ಅನ್ನುವ ಲೆಕ್ಕ. ನನಗೆ ಇದು ಎಣಿಸುವುದಕ್ಕಿಂತ ವಾಸಿ ಅನಿಸುತ್ತದೆ.

ಇಸ್ಟಿಯೊದವರಿಗೂ ಬಿಸಿ ತಟ್ಟಿದೆ. ಮೊದಲು 503 (ಸರ್ವಿಸ್ ಸದ್ಯ ಲಭ್ಯವಿಲ್ಲ) ಎರರ್ ಬಂದರೂ ಅದು ತಾನಾಗಿ ರಿಟ್ರೈ ಮಾಡುತ್ತಿತ್ತು. 2024ರ ನವೆಂಬರ್‌ನಲ್ಲಿ ಬಂದ 1.24 ಆವೃತ್ತಿಯಲ್ಲಿ ಅದನ್ನು ಡಿಫಾಲ್ಟ್‌ನಿಂದ ತೆಗೆದರು, ಎರಡು ಸಲ ಆಗಬಾರದ ಕೆಲಸ ಎರಡು ಸಲ ಆಗಬಹುದು ಅನ್ನುವ ಕಾರಣಕ್ಕೆ. ಎನ್‌ಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ಇನ್ನೂ ಮೊದಲೇ ಈ ಪಾಠ ಕಲಿತಿತ್ತು, ತನ್ನ 1.9.13 ಆವೃತ್ತಿಯಿಂದ ಒಂದು ಸರ್ವರ್‌ಗೆ ಕಳಿಸಿಯಾದ ಪೋಸ್ಟ್ (ಡೇಟಾ ಕಳಿಸುವ) ರಿಕ್ವೆಸ್ಟನ್ನು ಅದು ತಾನಾಗಿ ಇನ್ನೊಂದಕ್ಕೆ ಕಳಿಸುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಪ್ರತಿ ಕೆಲಸಕ್ಕೂ ಒಂದು ಟೋಕನ್ ನಂಬರ್ ಕೊಡಿ. ತೂಕದ ಚೀಟಿಗೆ ನಂಬರ್ ಇರುತ್ತಲ್ಲ, ಹಾಗೆ. ಒಂದೇ ನಂಬರಿನ ಚೀಟಿ ಎರಡು ಸಲ ಬಂದರೆ ಎರಡನೇ ಸಲ ತೂಕ ಮಾಡುವುದಿಲ್ಲ, ಹಳೇ ಲೆಕ್ಕವನ್ನೇ ತೋರಿಸುತ್ತಾರೆ. ಇದಕ್ಕೆ ಐಡೆಂಪೊಟೆನ್ಸಿ ಕೀ ಅಂತ ದೊಡ್ಡ ಹೆಸರಿದೆ, ವಿಷಯ ಇಷ್ಟೇ. ಬಿಲ್ ಫಾರಂ ತೆರೆದುಕೊಂಡಾಗಲೇ ಬ್ರೌಸರ್‌ನಲ್ಲಿ ಒಂದು ಯುಯುಐಡಿ, ಅಂದರೆ ಇನ್ನೊಮ್ಮೆ ಬಾರದಂಥ ಉದ್ದನೆಯ ನಂಬರ್, ಹುಟ್ಟಿಸಿ. ಸೇವ್ ಒತ್ತಿದಾಗ ಹೆಡರ್‌ನಲ್ಲಿ ಅದೇ ಹೋಗಲಿ, ಹುಡುಗ ನಾಲ್ಕು ಸಲ ಒತ್ತಿದರೂ ನಾಲ್ಕು ಸಲವೂ ಅದೇ. ಬಿಲ್ ಸರ್ವಿಸ್‌ನ ಡೇಟಾಬೇಸ್‌ನಲ್ಲಿ ಆ ಕೀ ಮೇಲೆ ಯೂನಿಕ್ ಇಂಡೆಕ್ಸ್ ಹಾಕಿ, ಒಂದೇ ಕೀ ಎರಡು ಸಲ ಸೇರುವುದಿಲ್ಲ. ಬಿಲ್ಲು ಬರೆಯುವ ಟ್ರಾನ್ಸಾಕ್ಷನ್ ಒಳಗೇ ಕೀ ಕೂಡ ಬರೆಯಬೇಕು. ಬೇರೆ ಬೇರೆ ಮಾಡಿದರೆ ನಡುವೆ ಪಾಡ್ ಸತ್ತಾಗ ಮತ್ತೆ ಅದೇ ಗೋಳು. ಕೀ ಮೊದಲೇ ಇದ್ದರೆ ಹಳೇ ಉತ್ತರವನ್ನೇ ವಾಪಸ್ ಕೊಡಿ, ಮೊದಲನೆಯದು ಇನ್ನೂ ನಡೆಯುತ್ತಿದ್ದರೆ 409 (ಕಾನ್‌ಫ್ಲಿಕ್ಟ್) ಎರರ್ ಕೊಡಿ.

ಇಲ್ಲಿ ಜನ ಮಾಡುವ ತಪ್ಪು ಎರಡು. ಒಂದು, ರಿಟ್ರೈ ಲೂಪ್ ಒಳಗೆ ಕೀ ಹುಟ್ಟಿಸುವುದು. ಪ್ರತಿ ಸಲವೂ ಹೊಸ ಕೀ ಬಂದರೆ ಇದ್ದೂ ಪ್ರಯೋಜನ ಇಲ್ಲ. ಇನ್ನೊಂದು, ಕೀಗೆ ಟೈಮ್ ಸೇರಿಸುವುದು. ನಾನು ಕೋಡ್ ರಿವ್ಯೂನಲ್ಲಿ ಎರಡನ್ನೂ ನೋಡಿದ್ದೇನೆ, ಮೊದಲನೆಯದನ್ನು ನಾನೇ ಬರೆದಿದ್ದೇನೆ ಕೂಡ.

ಎಸ್‌ಎಂಎಸ್‌ಗೆ ಬಿಲ್ ನಂಬರ್ ಮತ್ತು ಮೆಸೇಜಿನ ಬಗೆ ಸೇರಿಸಿದರೆ ಸಾಕು, ಅದೇ ಕೀ. ಅಲ್ಲೂ ಒಂದು ಸಣ್ಣ ಸಂದಿ ಉಳಿಯುತ್ತದೆ: ಮೆಸೇಜ್ ಹೋಗಿ, ಹೋಯಿತು ಅಂತ ಬರೆಯುವ ಮುಂಚೆ ಪಾಡ್ ಸತ್ತರೆ ಎರಡನೇದು ಹೋಗುತ್ತದೆ. ಎಸ್‌ಎಂಎಸ್ ತಾನೇ, ಬಿಡಿ. ಆದರೆ ಪೇಮೆಂಟ್‌ನಲ್ಲಿ ಬಿಡುವ ಹಾಗಿಲ್ಲ. ನಿಮ್ಮ ಪೇಮೆಂಟ್ ಗೇಟ್‌ವೇಗೆ ನಿಮ್ಮದೇ ರೆಫರೆನ್ಸ್ ನಂಬರ್ ಕೊಡುವ ಸೌಲಭ್ಯ ಇದೆಯಾ ನೋಡಿ, ಇದ್ದರೆ ಕೀಯನ್ನೇ ಅಲ್ಲಿಗೂ ಕೊಡಿ. ಟೈಮ್‌ಔಟ್ ಆದಾಗ ಮತ್ತೆ ದುಡ್ಡು ಕಳಿಸಬೇಡಿ, ಮೊದಲು ಆ ನಂಬರಿನ ಸ್ಥಿತಿ ಏನು ಅಂತ ಕೇಳಿ.

ಇನ್ನು ನಿಧಾನದ ವಿಷಯ. ನಿಮ್ಮ ಬಿಲ್ ಸರ್ವಿಸ್ ಜಾವಾದ ಸ್ಪ್ರಿಂಗ್ ಬೂಟ್ ಫ್ರೇಮ್‌ವರ್ಕ್‌ನಲ್ಲಿ ಬರೆದದ್ದು. ಅದರೊಳಗಿನ ಟಾಮ್‌ಕ್ಯಾಟ್‌ಗೆ ನೀವು ಬದಲಿಸದಿದ್ದರೆ 200 ಥ್ರೆಡ್, ಅಂದರೆ ಒಂದೇ ಹೊತ್ತಿಗೆ ರಿಕ್ವೆಸ್ಟ್ ನೋಡುವ 200 ಕೈ. ಬಿಲ್ಲಿನಿಂದ ರೇಟ್‌ಗೆ ಹೋಗುವ ಜಿಆರ್‌ಪಿಸಿ (ಸರ್ವಿಸ್‌ಗಳು ಒಂದನ್ನೊಂದು ಕರೆಯುವ ಒಂದು ವಿಧಾನ) ಕರೆಗೆ ನೀವು ಡೆಡ್‌ಲೈನ್, ಅಂದರೆ ಕಾಯುವ ಮಿತಿ, ಹಾಕಿಲ್ಲ, ಹಾಕದಿದ್ದರೆ ಅದು ಎಷ್ಟು ಹೊತ್ತಾದರೂ ಕಾಯುತ್ತದೆ. ರೇಟ್ ನಿಧಾನ ಆದ ಕೂಡಲೇ 200 ಥ್ರೆಡ್ಡೂ ಅದರ ಬಾಗಿಲಲ್ಲಿ ಹೋಗಿ ನಿಲ್ಲುತ್ತವೆ. ಆಮೇಲೆ ರೇಟ್ ಬೇಡವೇ ಬೇಡ ಅನ್ನುವ ರಿಕ್ವೆಸ್ಟ್, ಉದಾಹರಣೆಗೆ ನಿನ್ನೆಯ ಬಿಲ್ಲಿನ ಪ್ರಿಂಟ್, ಅದಕ್ಕೂ ಥ್ರೆಡ್ ಸಿಗುವುದಿಲ್ಲ. ಹುಡುಗರಿಗೆ ಎಲ್ಲಾ ನಿಧಾನ ಅನಿಸುವುದು ಇದಕ್ಕೇ.

ಡೆಡ್‌ಲೈನ್ ಹಾಕಿ. ಎಷ್ಟು ಅಂದರೆ ಒಳಗಿನದು ಹೊರಗಿನದಕ್ಕಿಂತ ಕಡಿಮೆ ಇರಬೇಕು, ಅಷ್ಟೇ ನಿಯಮ. ಸ್ಕ್ರೀನ್ 10 ಸೆಕೆಂಡ್ ಕಾದರೆ ಬಿಲ್ಲು 6ರಲ್ಲಿ ಏನಾದರೂ ಒಂದು ಹೇಳಬೇಕು, ರೇಟ್ ಒಂದೂವರೆಯಲ್ಲಿ. ಉಲ್ಟಾ ಆದರೆ ಕೇಳಿದವನು ಎದ್ದು ಹೋದ ಮೇಲೂ ಒಳಗಿನವನು ಬೆವರು ಸುರಿಸುತ್ತಿರುತ್ತಾನೆ. ಇಸ್ಟಿಯೊ ಹಾಕಿದರೆ ಟೈಮ್‌ಔಟ್ ತಾನಾಗಿ ಬರುತ್ತೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಬರುವುದಿಲ್ಲ. ಎಚ್‌ಟಿಟಿಪಿ ಟೈಮ್‌ಔಟ್ ಅದರಲ್ಲಿ ಡಿಫಾಲ್ಟ್ ಆಗಿ ಆಫ್, ಪ್ರತಿ ಸರ್ವಿಸ್‌ಗೂ ನೀವೇ ಬರೆಯಬೇಕು. ರಿಟ್ರೈ ಆನ್, ಟೈಮ್‌ಔಟ್ ಆಫ್! ನನ್ನನ್ನು ಕೇಳಿದ್ದರೆ ಉಲ್ಟಾ ಇಡಿ ಅಂತಿದ್ದೆ.

ಒಂದೇ ಪಾಡ್ ಬೆವರುವುದಕ್ಕೆ ಕಾರಣವೂ ಜಿಆರ್‌ಪಿಸಿಯೇ. ಕುಬರ್ನೆಟೀಸ್ ಸರ್ವಿಸ್ ಪಾಡನ್ನು ಆರಿಸುವುದು ಕನೆಕ್ಷನ್ ಶುರುವಾಗುವಾಗ ಒಂದೇ ಸಲ. ಹಳೇ ಶೈಲಿಯ ಎಚ್‌ಟಿಟಿಪಿಯಲ್ಲಿ ಕನೆಕ್ಷನ್ ಆಗಾಗ ಹೊಸದಾಗುತ್ತಿರುತ್ತದೆ, ಹಾಗಾಗಿ ಹಂಚಿಕೆ ಹೇಗೋ ನಡೆಯುತ್ತದೆ. ಜಿಆರ್‌ಪಿಸಿ ಎಚ್‌ಟಿಟಿಪಿ 2ರ ಮೇಲೆ ಒಂದು ಕನೆಕ್ಷನ್ ಹಿಡಿದರೆ ಬಿಡುವುದೇ ಇಲ್ಲ, ಸಾವಿರಾರು ರಿಕ್ವೆಸ್ಟ್ ಅದರಲ್ಲೇ ಕಳಿಸುತ್ತದೆ. ಬೆಳಿಗ್ಗೆ ಯಾವ ಕೌಂಟರ್ ಸಿಕ್ಕಿತೋ ಸಂಜೆವರೆಗೂ ಅದೇ ಕೌಂಟರ್. ನೀವು ಪಾಡ್ ಮೂರರಿಂದ ಆರು ಮಾಡಿದ್ದೀರಿ, ಏನೂ ಬದಲಾಗಲಿಲ್ಲ ಅಂತ ಮತ್ತೆ ಇಳಿಸಿದ್ದೀರಿ, ಲಾಗ್‌ನಲ್ಲಿ ಕಾಣುತ್ತಿದೆ. ಆಗಬೇಕಿದ್ದದ್ದು ಹಾಗೇ.

ಮೆಶ್ ಇದನ್ನು ಚೆನ್ನಾಗಿ ಸರಿ ಮಾಡುತ್ತದೆ, ಯಾಕೆಂದರೆ ಎನ್ವಾಯ್ ಆಗಲಿ ಲಿಂಕರ್‌ಡಿ ಆಗಲಿ ರಿಕ್ವೆಸ್ಟ್ ಲೆಕ್ಕದಲ್ಲಿ ಹಂಚುತ್ತವೆ. ಆದರೆ ಮೆಶ್ ಇಲ್ಲದೆಯೂ ಅರ್ಧ ದಿನದ ಕೆಲಸ. ರೇಟ್ ಸರ್ವಿಸ್‌ಗೆ ಹೆಡ್‌ಲೆಸ್ ಸರ್ವಿಸ್ ಮಾಡಿ, ಆಗ ಹೆಸರಿಗೆ ವಿಳಾಸ ಹೇಳುವ ಡಿಎನ್‌ಎಸ್ ಒಂದು ಐಪಿ ಬದಲು ಮೂರೂ ಪಾಡ್‌ಗಳ ಐಪಿ ಕೊಡುತ್ತದೆ. ಬಿಲ್ಲಿನ ಜಿಆರ್‌ಪಿಸಿ ಕ್ಲೈಂಟ್‌ನಲ್ಲಿ ವಿಳಾಸದ ಮುಂದೆ ಡಿಎನ್‌ಎಸ್ ಸ್ಕೀಮ್ ಹಾಕಿ, ಸರದಿಯಂತೆ ಹಂಚುವ ರೌಂಡ್ ರಾಬಿನ್ ಆನ್ ಮಾಡಿ. ಇಷ್ಟಕ್ಕೇ ನಿಲ್ಲಿಸಬೇಡಿ. ನಾಳೆ ನಾಲ್ಕನೇ ಪಾಡ್ ಬಂದರೆ ಹಳೇ ಕ್ಲೈಂಟ್‌ಗೆ ಅದು ಕಾಣುವುದಿಲ್ಲ, ಅದು ಮತ್ತೆ ಡಿಎನ್‌ಎಸ್ ಕೇಳುವುದು ಕನೆಕ್ಷನ್ ಮುರಿದಾಗ. ಅದಕ್ಕೆ ರೇಟ್ ಸರ್ವರ್ ಕಡೆ ಕನೆಕ್ಷನ್‌ನ ಗರಿಷ್ಠ ವಯಸ್ಸು ಅಂತ ಒಂದು ಸೆಟ್ಟಿಂಗ್ ಇದೆ, ಐದು ನಿಮಿಷ ಇಡಿ. ಐದು ನಿಮಿಷಕ್ಕೊಮ್ಮೆ ಮೆಲ್ಲಗೆ ಹಳೇದು ಮುಚ್ಚಿ ಹೊಸದು ಹುಟ್ಟುತ್ತದೆ, ಹಂಚಿಕೆ ತಾನಾಗಿ ಸರಿಹೋಗುತ್ತದೆ.

ಆಡಿಟರ್ ವಿಷಯ: ಮೊದಲು ಅವರನ್ನು ಸ್ಪಷ್ಟವಾಗಿ ಕೇಳಿ. ತಂತಿಯ ಮೇಲೆ ಹೋಗುವುದು ಓದಲು ಬರಬಾರದು ಅಂತಾನಾ, ಅಥವಾ ಯಾವ ಸರ್ವಿಸ್ ಯಾವುದನ್ನು ಕರೆಯಬಹುದು ಅನ್ನುವುದಕ್ಕೂ ಪುರಾವೆ ಬೇಕಾ? ಮೊದಲನೆಯದು ಮಾತ್ರ ಆದರೆ ಪಾಡ್‌ಗಳ ನೆಟ್‌ವರ್ಕ್‌ಗೆ ಸಿಲಿಯಂ ಅಥವಾ ಕ್ಯಾಲಿಕೊ ಬಳಸುವ ಕ್ಲಸ್ಟರ್‌ನಲ್ಲಿ ವೈರ್‌ಗಾರ್ಡ್ ಆನ್ ಮಾಡಿದರೆ ನೋಡ್‌ಗಳ ನಡುವಿನದು ಎನ್‌ಕ್ರಿಪ್ಟ್ ಆಗುತ್ತದೆ, ಪಾಡ್‌ಗಳನ್ನು ಮುಟ್ಟುವುದೇ ಬೇಡ. ಎರಡನೆಯದೂ ಬೇಕು ಅಂದರೆ ಮೆಶ್‌ನ ಎಂಟಿಎಲ್‌ಎಸ್ ನಿಜಕ್ಕೂ ಒಳ್ಳೆಯದು. ಅಲ್ಲಿ ಎರಡೂ ಕಡೆಯವರು ಗುರುತಿನ ಚೀಟಿ ತೋರಿಸಬೇಕು, ಆ ಗುರುತು ಐಪಿ ಅಲ್ಲ, ಸರ್ವಿಸ್ ಅಕೌಂಟ್. "ಪೇಮೆಂಟನ್ನು ಬಿಲ್ಲು ಬಿಟ್ಟು ಬೇರೆ ಯಾರೂ ಕರೆಯುವ ಹಾಗಿಲ್ಲ" ಅಂತ ಒಂದು ನಿಯಮ ಬರೆದರೆ ಮುಗಿಯಿತು. ಇದನ್ನೆಲ್ಲಾ ಕೈಯಿಂದ ಮಾಡಲು ಹೋದರೆ ಸರ್ಟಿಫಿಕೇಟ್ ಬದಲಿಸುವುದರಲ್ಲೇ ನಿಮ್ಮ ಜೀವನ ಕಳೆಯುತ್ತದೆ. ನಾನು ಮೆಶ್ ಪರವಾಗಿ ವಾದ ಮಾಡುವುದಿದ್ದರೆ ಇದೊಂದೇ ಕಾರಣ ಹೇಳುತ್ತೇನೆ.

ಆದರೆ ಸ್ಟ್ರಿಕ್ಟ್ ಮಾಡುವ, ಅಂದರೆ ಗುರುತಿಲ್ಲದವರಿಗೆ ಬಾಗಿಲು ಮುಚ್ಚುವ ಮುಂಚೆ ನನ್ನ ಕಥೆ ಕೇಳಿ. ಹಿಂದೆ ಒಂದು ಕಂಪನಿಯ ಕೆಲಸ ಇಲ್ಲೇ ಮನೆಯಿಂದ ಮಾಡುತ್ತಿದ್ದೆ. ಮೇ ತಿಂಗಳ ಶುಕ್ರವಾರ, ಸಂಜೆ ಆರಾದರೂ ಗೋಡೆ ಬೆಂಕಿ. ಇಸ್ಟಿಯೊದಲ್ಲಿ ಶುರುವಿಗೆ ಪರ್ಮಿಸಿವ್ ಅಂತ ಇರುತ್ತದೆ, ಗುರುತು ತೋರಿಸಿದವರನ್ನೂ ತೋರಿಸದವರನ್ನೂ ಒಳಗೆ ಬಿಡುತ್ತದೆ. ನಾನು ಅದನ್ನು ಇಡೀ ಕ್ಲಸ್ಟರ್‌ಗೆ ಸ್ಟ್ರಿಕ್ಟ್ ಮಾಡಿದೆ. ಡ್ಯಾಶ್‌ಬೋರ್ಡ್ ಹಸಿರು. ಹತ್ತು ನಿಮಿಷಕ್ಕೆ ಫೋನ್, ಸ್ಟಾಕ್ ಅಪ್‌ಡೇಟ್ ಆಗುತ್ತಿಲ್ಲ. ಅದೇ ಹೊತ್ತಿಗೆ ಕರೆಂಟ್ ಹೋಯಿತು, ಇನ್ವರ್ಟರ್ ರೌಟರ್‌ಗೆ ಕೊಟ್ಟಿರಲಿಲ್ಲ, ಫೋನ್ ಹಾಟ್‌ಸ್ಪಾಟ್ ಮೇಲೆ ಕೂತೆ. ನಲವತ್ತು ನಿಮಿಷ ಸ್ಟಾಕ್ ಸರ್ವಿಸ್‌ನ ಲಾಗ್ ಮೇಲಿಂದ ಕೆಳಗೆ ಓದಿದೆ, ಒಂದೇ ಒಂದು ಎರರ್ ಇಲ್ಲ. ಹೇಗಿರುತ್ತೆ? ರಿಕ್ವೆಸ್ಟ್ ಅಲ್ಲಿವರೆಗೆ ಬಂದೇ ಇರಲಿಲ್ಲ, ಪಕ್ಕದ ಪ್ರಾಕ್ಸಿ ಬಾಗಿಲಲ್ಲೇ ತಳ್ಳಿ ಕಳಿಸುತ್ತಿತ್ತು. ಮೆಶ್ ಹೊರಗೆ ಒಂದು ಹಳೇ ವರ್ಚುವಲ್ ಮೆಷಿನ್ ಇತ್ತು, ಅದು ವರ್ಷಗಳಿಂದ ಸಾದಾ ಎಚ್‌ಟಿಟಿಪಿಯಲ್ಲಿ ಸ್ಟಾಕ್ ಕಳಿಸುತ್ತಿತ್ತು, ಯಾರಿಗೂ ನೆನಪಿರಲಿಲ್ಲ. ಅದರ ಕಡೆ ಕಂಡದ್ದು ಬರೀ "ಕನೆಕ್ಷನ್ ರೀಸೆಟ್".

ಆವತ್ತಿನಿಂದ ಎರಡು ಅಭ್ಯಾಸ. ಮೆಶ್ ಇರುವ ಕಡೆ ಏನೇ ಕೆಟ್ಟರೂ ಮೊದಲು ಪ್ರಾಕ್ಸಿಯ ಲಾಗ್ ನೋಡುತ್ತೇನೆ, ಆಮೇಲೆ ಆಪ್‌ನದು. ಎರಡನೇದು, ಶುಕ್ರವಾರ ಇಂಥದ್ದಕ್ಕೆ ಕೈ ಹಾಕುವುದಿಲ್ಲ.

ಖರ್ಚಿನ ಲೆಕ್ಕ ನಿಮ್ಮ ಸೀನಿಯರ್ ಹಾಕಿದ್ದಾರಾ ಕೇಳಿ. ಇಸ್ಟಿಯೊ ಸೈಡ್‌ಕಾರ್ ಒಂದಕ್ಕೆ ಡಿಫಾಲ್ಟ್ ಆಗಿ 100 ಮಿಲಿಕೋರ್ (ಕೋರ್‌ನ ಹತ್ತನೇ ಒಂದು ಭಾಗ) ಸಿಪಿಯು, 128 ಎಂಬಿ ಮೆಮೊರಿ ಮೀಸಲು. 30 ಪಾಡ್‌ಗೆ 3 ಕೋರ್, ಹತ್ತಿರ ಹತ್ತಿರ 4 ಜಿಬಿ. ನಿಮ್ಮಲ್ಲಿರುವುದೇ 12 ಕೋರ್. ಅಷ್ಟನ್ನೂ ಉಪಯೋಗಿಸುತ್ತದೆ ಅಂತಲ್ಲ, ಆದರೆ ಮೀಸಲಿಟ್ಟದ್ದು ಬೇರೆಯವರಿಗೆ ಸಿಗುವುದಿಲ್ಲ. ಈಗಲೇ ತುಂಬಿರುವ ನೋಡ್‌ಗಳಲ್ಲಿ ಕೆಲವು ಪಾಡ್ ಜಾಗ ಸಿಗದೆ ಪೆಂಡಿಂಗ್‌ನಲ್ಲಿ ನಿಲ್ಲುತ್ತವೆ, ಅದೂ 11 ಗಂಟೆಯ ಹೊತ್ತಿಗೆ.

ಸೀಸನ್ ಮುಗಿದ ಮೇಲೆ ಆಡಿಟರ್ ಇನ್ನೂ ಪಟ್ಟು ಹಿಡಿದಿದ್ದರೆ ಎರಡು ದಾರಿ ಇವೆ. ಒಂದು ಲಿಂಕರ್‌ಡಿ. ಇದರ ಪ್ರಾಕ್ಸಿ ರಸ್ಟ್‌ನಲ್ಲಿ ಬರೆದದ್ದು, ಹಗುರ, ಎಂಟಿಎಲ್‌ಎಸ್ ಹಾಕಿದ ಕೂಡಲೇ ಆನ್, ಐದು ಜನರ ತಂಡಕ್ಕೆ ಅರ್ಥ ಮಾಡಿಕೊಳ್ಳಲು ಸುಲಭ. ಆದರೆ 2024ರ ಫೆಬ್ರವರಿಯಲ್ಲಿ ಬಯಂಟ್ ಒಂದು ಘೋಷಣೆ ಮಾಡಿತು: ಸ್ಟೇಬಲ್ ಆವೃತ್ತಿಗಳು ಇನ್ನು ಮುಂದೆ ತನ್ನ ಎಂಟರ್‌ಪ್ರೈಸ್ ಪ್ಯಾಕೇಜಿನಲ್ಲಿ ಮಾತ್ರ, ಓಪನ್ ಸೋರ್ಸ್‌ನಲ್ಲಿ ಎಡ್ಜ್, ಅಂದರೆ ಆಗಾಗ ಬರುವ ಹೊಚ್ಚ ಹೊಸ ಆವೃತ್ತಿಗಳು ಬರುತ್ತವೆ ಅಂತ. 50ಕ್ಕಿಂತ ಕಡಿಮೆ ಜನರಿರುವ ಕಂಪನಿಗೆ ದುಡ್ಡಿಲ್ಲ ಅಂತ ಆಗ ಹೇಳಿದ್ದರು, ನೀವು ಹಾಕುವ ದಿನದ ಷರತ್ತು ಓದಿಕೊಂಡು ಹಾಕಿ. ಇನ್ನೊಂದು ಮಾತು: ಅದರ ಕಮಾಂಡ್‌ನಿಂದ ಸುಮ್ನೆ ಇನ್‌ಸ್ಟಾಲ್ ಮಾಡಿದರೆ ಅದು ತಾನೇ ಮಾಡಿಕೊಳ್ಳುವ ಮೂಲ ಸರ್ಟಿಫಿಕೇಟ್ ಒಂದು ವರ್ಷದ್ದು. ಸರಿಯಾಗಿ 365 ದಿನಕ್ಕೆ ಎಲ್ಲಾ ಸರ್ವಿಸ್ ಒಟ್ಟಿಗೆ ಮಾತು ಬಿಡುತ್ತವೆ. ನಿಮ್ಮ ಆಫೀಸ್ ಗೋಡೆಯ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಡಿ, ಅಥವಾ ಸರ್ಟಿಫಿಕೇಟ್ ನೋಡಿಕೊಳ್ಳುವ ಸರ್ಟ್ ಮ್ಯಾನೇಜರ್ ಅನ್ನುವ ಸಾಫ್ಟ್‌ವೇರ್‌ಗೆ ಒಪ್ಪಿಸಿ.

ಎರಡನೇ ದಾರಿ ಇಸ್ಟಿಯೊದ ಆಂಬಿಯೆಂಟ್. ಅಂಗಡಿಗೊಬ್ಬ ಗುಮಾಸ್ತನ ಬದಲು ಓಣಿಗೊಬ್ಬ. ಪ್ರತಿ ನೋಡ್‌ಗೆ ಝೀಟನಲ್ ಅನ್ನುವ ಒಂದೇ ಪ್ರಾಕ್ಸಿ, ಪಾಡ್ ಒಳಗೆ ಏನೂ ಇಲ್ಲ. 2022ರಲ್ಲಿ ಹೇಳಿದರು, ಪೂರ್ತಿ ಪಕ್ವ ಅಂತ ಬಿಡುಗಡೆ ಆದದ್ದು ಆ 1.24 ಆವೃತ್ತಿಯಲ್ಲೇ. ನಿಮ್ಮ ಮೂರು ನೋಡ್‌ಗೆ ಮೂರೇ ಪ್ರಾಕ್ಸಿ, ಲೆಕ್ಕ ಚೆನ್ನಾಗಿದೆ. ಆದರೆ ಇಲ್ಲಿ ಒಂದು ಗುಂಡಿ ಇದೆ, ಹುಷಾರು. ಝೀಟನಲ್ ಎನ್‌ಕ್ರಿಪ್ಷನ್ ಮಾಡುತ್ತದೆ, ಗುರುತು ನೋಡುತ್ತದೆ, ಆದರೆ ಕನೆಕ್ಷನ್ ಒಳಗಿನ ರಿಕ್ವೆಸ್ಟ್ ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಜಿಆರ್‌ಪಿಸಿ ಹಂಚಿಕೆ ಸರಿಯಾಗುವುದಿಲ್ಲ, ನಿಮ್ಮ ಅದೇ ಒಂದು ಪಾಡ್ ಮತ್ತೆ ಬೆವರುತ್ತದೆ. ಅದಕ್ಕೆ ವೇಪಾಯಿಂಟ್ ಅನ್ನುವ ಇನ್ನೊಂದು ಪ್ರಾಕ್ಸಿ ಬೇಕು. ಟೈಮ್‌ಔಟ್, ರಿಟ್ರೈ ನಿಯಮಗಳಿಗೂ ಅದೇ ಬೇಕು.

ಯಾವುದನ್ನೇ ಆರಿಸಿದರೂ ವರದಿ ಸರ್ವಿಸ್ ಇರುವ ನೇಮ್‌ಸ್ಪೇಸ್ (ಕ್ಲಸ್ಟರ್ ಒಳಗಿನ ಒಂದು ವಿಭಾಗ) ನಿಂದ ಶುರು ಮಾಡಿ. ಅದು ಒಂದು ಗಂಟೆ ನಿಂತರೂ ಯಾರೂ ಬೈಯುವುದಿಲ್ಲ. ಹದಿನೈದು ದಿನ ಪರ್ಮಿಸಿವ್‌ನಲ್ಲಿ ಬಿಟ್ಟು, ಗುರುತಿಲ್ಲದೆ ಬರುತ್ತಿರುವವರು ಯಾರು ಅಂತ ಮೆಟ್ರಿಕ್ಸ್‌ನಲ್ಲಿ ಹುಡುಕಿ, ಖಾಲಿ ಆದ ಮೇಲೆ ಸ್ಟ್ರಿಕ್ಟ್. ಮೆಶ್ ಹಾಕುವ ದಿನ ಕೋಡ್‌ನಲ್ಲಿರುವ ರಿಟ್ರೈ ತೆಗೆಯಿರಿ, ಅಥವಾ ಮೆಶ್‌ನದ್ದನ್ನು ಸೊನ್ನೆ ಮಾಡಿ. ಎರಡೂ ಕಡೆ ಇರಬಾರದು. ಇಸ್ಟಿಯೊ ಆದರೆ ಸರ್ವಿಸ್ ಪೋರ್ಟ್‌ಗಳ ಹೆಸರು ಜಿಆರ್‌ಪಿಸಿಯದ್ದೋ, ಎಚ್‌ಟಿಟಿಪಿಯದ್ದೋ, ಟಿಸಿಪಿಯದ್ದೋ ಅಂತ ಸರಿಯಾಗಿ ಇಡಿ, ಇಲ್ಲದಿದ್ದರೆ ಅದು ಊಹೆ ಮಾಡುತ್ತದೆ. ಮೈಎಸ್‌ಕ್ಯುಎಲ್ ಡೇಟಾಬೇಸ್ ಥರ ಸರ್ವರ್ ಮೊದಲು ಮಾತಾಡುವ ಕಡೆ ಆ ಊಹೆ ಕೈಕೊಡುತ್ತದೆ. ರಾತ್ರಿ ಓಡುವ ನಿಮ್ಮ ವರದಿ ಜಾಬ್‌ಗೆ ಸೈಡ್‌ಕಾರ್ ಅಂಟಿಕೊಂಡರೆ, ಜಾಬ್ ಮುಗಿದರೂ ಗುಮಾಸ್ತ ಕೂತೇ ಇರುತ್ತಾನೆ, ಪಾಡ್ ಮುಗಿಯುವುದೇ ಇಲ್ಲ. ಕುಬರ್ನೆಟೀಸ್ 1.29ರಿಂದ, ಮುಖ್ಯ ಕೆಲಸ ಮುಗಿದಾಗ ತಾನೂ ನಿಲ್ಲುವ ನೇಟಿವ್ ಸೈಡ್‌ಕಾರ್ ಡಿಫಾಲ್ಟ್ ಆಗಿ ಆನ್ ಇದೆ, ನಿಮ್ಮ ಮೆಶ್ ಅದನ್ನು ಬಳಸುತ್ತಿದೆಯಾ ನೋಡಿಕೊಳ್ಳಿ. ಮತ್ತೆ ಟ್ರೇಸಿಂಗ್ (ಒಂದು ರಿಕ್ವೆಸ್ಟ್ ಯಾವ ಯಾವ ಸರ್ವಿಸ್ ದಾಟಿತು ಅನ್ನುವ ದಾಖಲೆ) ತಾನಾಗಿ ಬರುತ್ತೆ ಅಂತ ನಂಬಬೇಡಿ. ಒಳಗೆ ಬಂದ ರಿಕ್ವೆಸ್ಟ್‌ನ ಟ್ರೇಸ್ ಹೆಡರನ್ನು ಹೊರಗೆ ಹೋಗುವ ರಿಕ್ವೆಸ್ಟ್‌ಗೆ ದಾಟಿಸುವುದು ನಿಮ್ಮ ಕೋಡ್‌ನ ಕೆಲಸ, ದಾಟಿಸದಿದ್ದರೆ ಸಿಗುವುದು ತುಂಡು ತುಂಡು.

ಈ ವಾರಕ್ಕೆ ಸೇವ್ ಬಟನ್‌ನ ಕೀ, ರೇಟ್ ಕರೆಗೆ ಡೆಡ್‌ಲೈನ್, ಹೆಡ್‌ಲೆಸ್ ಸರ್ವಿಸ್ ಈ ಮೂರು ಮಾಡಿ. ಅದೇ ಕ್ರಮದಲ್ಲಿ, ಒಂದು ದಿನಕ್ಕೆ ಒಂದು, ಗಂಜ್ ಮುಚ್ಚಿದ ಮೇಲೆ. ಮೂರನೆಯದು ಆದ ಮರುದಿನ 11ರಿಂದ 2ರವರೆಗಿನ ರೇಟ್ ಪಾಡ್‌ಗಳ ಸಿಪಿಯು ಗ್ರಾಫ್ ಕಳಿಸಿ. ಮೂರು ಗೆರೆ ಒಂದಕ್ಕೊಂದು ಹತ್ತಿರ ಬಂದಿರಬೇಕು. ಇನ್ನೂ ಒಂದೇ ಗೆರೆ ಮೇಲಿದ್ದರೆ ಬಿಲ್ ಕ್ಲೈಂಟ್ ಹಳೇ ವಿಳಾಸವನ್ನೇ ಹಿಡಿದು ಕೂತಿದೆ ಅಂತ ಅರ್ಥ, ಆಗ ಅದರ ಕಾನ್ಫಿಗ್ ಫೈಲ್ ಕೂಡ ಕಳಿಸಿ, ನೋಡುತ್ತೇನೆ.